‘ಶಿಮಾನೋ ಗೇರ್, ಅಲಾಯ್ ಫ್ರೇಮ್, ಸಣ್ಣ ಸರ್ವಿಸ್ ಸಾಕು’: ಹಳೇ ಸೈಕಲ್ ಜಾಹೀರಾತು ನಂಬೋದು ಹೇಗೆ?

ಪೆಡಲ್_ಆರ್‌ಆರ್‌ನಗರ

ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಹುಡುಕ್ತಿದ್ದೀನಿ. ಆಫೀಸಿಗೆ ಹೋಗಿ ಬರೋದು ಸೇರಿ ದಿನಕ್ಕೆ 18 ಕಿ.ಮೀ., ನನ್ನ ಎತ್ತರ 5 ಅಡಿ 9 ಇಂಚು. ಕಂಡ ಜಾಹೀರಾತೆಲ್ಲ ಒಂದೇ ಅಚ್ಚಿನವು. ಒಂದನ್ನ ಹಾಗೇ ಹಾಕ್ತಿದ್ದೀನಿ:

“26 ಸೈಜ್, 21 ಶಿಮಾನೋ ಗೇರ್, ಅಲಾಯ್ ಫ್ರೇಮ್, ಡ್ಯುಯಲ್ ಡಿಸ್ಕ್. ಸಿಂಗಲ್ ಓನರ್, ಜಾಸ್ತಿ ಓಡಿಸಿಲ್ಲ. ಸಣ್ಣ ಸರ್ವಿಸ್ ಮಾಡಿಸಿದ್ರೆ ಸಾಕು. ಬಿಲ್ ಇಲ್ಲ. ಫಿಕ್ಸ್ಡ್ ರೇಟ್.”

ಇದರಲ್ಲಿ ಯಾವ ಮಾತನ್ನ ಹೇಗೆ ಪರೀಕ್ಷೆ ಮಾಡಬೇಕು? ಹೋಗಿ ನೋಡೋಕೆ ಮುಂಚೆ ಏನು ಕೇಳಬೇಕು, ಹೋದಮೇಲೆ ಏನು ಮುಟ್ಟಿ ನೋಡಬೇಕು?

ಕಡ್ಡಿ_ರಿಮ್

ಮೊದಲು ಫೋಟೋ ನೋಡಿ. ಎಡಗಡೆಯಿಂದ ತೆಗೆದದ್ದಾ? ಚೈನು, ಫ್ರೀವೀಲು (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳು), ಡಿರೈಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಎಲ್ಲ ಇರೋದು ಬಲಗಡೆ. ಎಡಗಡೆಯದು ಮಾತ್ರ ಹಾಕಿದ್ದರೆ ಸವೆಯೋ ಸಾಮಾನೆಲ್ಲ ಮರೆಯಲ್ಲಿದೆ ಅಂತಲೇ ಲೆಕ್ಕ. ಬಲಗಡೆಯ ಚಿತ್ರ ಕೇಳಿ ತರಿಸಿಕೊಳ್ಳಿ. ಕಂಪನಿ ವೆಬ್‌ಸೈಟಿನ ಚಿತ್ರ ಹಾಕಿದ್ದರಂತೂ ಮುಂದಕ್ಕೆ ಹೋಗಿ.

‘ಶಿಮಾನೋ ಗೇರ್’ ಅನ್ನೋದು ಸುಳ್ಳಲ್ಲ, ಅರ್ಧ ಮಾತು. ಅಗ್ಗದ ಸೈಕಲ್‌ಗಳಲ್ಲಿ ಆ ಹೆಸರು ಹೆಚ್ಚಾಗಿ ಹಿಂದಿನ ಡಿರೈಲರ್ ಮೇಲೆ, ಕೆಲವೊಮ್ಮೆ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಬದಲಿಸೋ ಲಿವರ್) ಮೇಲೆ, ಅಷ್ಟೇ. ಕ್ರ್ಯಾಂಕು (ಪೆಡಲ್ ಕೂತಿರೋ ತೋಳು), ಚೈನು, ಹಬ್ಬು (ಗಾಲಿಯ ನಡುವಿನ ಭಾಗ) ಬೇರೆ ಯಾರದೋ. ಡಿರೈಲರ್ ಮೇಲೆ ಮಾಡೆಲ್ ಸಂಖ್ಯೆ ಅಚ್ಚಾಗಿರುತ್ತೆ, ಅದರ ಕ್ಲೋಸಪ್ ಕೇಳಿ. ‘ಆರ್‌ಡಿ-ಟಿವೈ300’ ಅಂದರೆ ಶಿಮಾನೋದ ಕೆಳದರ್ಜೆಯ ಟೂರ್ನಿ, ‘ಆರ್‌ಡಿ-ಎಂ310’ ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಆಲ್ಟಸ್. ಟೂರ್ನಿ ಕೆಟ್ಟದ್ದಲ್ಲ, ನಿಮ್ಮ 18 ಕಿ.ಮೀ.ಗೆ ಧಾರಾಳ ಸಾಕು. ಆದರೆ ಹೆಸರು ಕೇಳಿ ಮೇಲ್ದರ್ಜೆಯ ಬೆಲೆ ಕೊಡಬೇಡಿ. 21 ಅನ್ನೋದೂ ಬರೀ ಮೂರೇಳ್ಲ ಇಪ್ಪತ್ತೊಂದು. ಮುಂದೆ 3, ಹಿಂದೆ 7. ಇವುಗಳಲ್ಲಿ ಎಷ್ಟೋ ಗೇರ್ ತುಳಿಯೋಕೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

‘ಅಲಾಯ್’ಗೆ ಅಂಗಡಿ ಭಾಷೆಯಲ್ಲಿ ಅಲ್ಯೂಮಿನಿಯಂ ಅಂತ ಅರ್ಥ. ರಿಮ್ ಮಾತ್ರ ಅಲಾಯ್ ಇದ್ದು ಫ್ರೇಮು ಉಕ್ಕಿನದಾದರೂ ಹೀಗೇ ಬರೆಯುತ್ತಾರೆ. ಫ್ರಿಜ್ ಮೇಲಿನ ಒಂದು ಮ್ಯಾಗ್ನೆಟ್ ಜೇಬಲ್ಲಿ ಹಾಕ್ಕೊಂಡು ಹೋಗಿ, ಸೀಟಿನ ಕೆಳಗಿನ ಕೊಳವೆಗೂ ಕೆಳಗಿನ ದಪ್ಪ ಕೊಳವೆಗೂ ಇಟ್ಟು ನೋಡಿ. ಅಂಟಿದರೆ ಉಕ್ಕು. ಫೋರ್ಕಿಗೆ (ಮುಂದಿನ ಗಾಲಿ ಹಿಡಿದಿರೋ ಕವೆ) ಅಂಟಿದರೆ ಮಾತ್ರ ಮೋಸ ಅನ್ನಬೇಡಿ, ಅಲ್ಯೂಮಿನಿಯಂ ಫ್ರೇಮಿನ ಎಷ್ಟೋ ಸೈಕಲ್‌ಗಳಿಗೆ ಫೋರ್ಕು ಉಕ್ಕಿನದೇ.

‘26 ಸೈಜ್’ ಗಾಲಿಯ ಅಳತೆ, ನಿಮ್ಮ ಮೈಗೆ ಹೊಂದುತ್ತೋ ಇಲ್ಲವೋ ಅನ್ನೋದನ್ನ ಅದು ಹೇಳಲ್ಲ. ಅದೂ ನಿಜವಾ ಅಂತ ಟೈರ್ ಬದಿಯಲ್ಲಿ ಓದಿ: ‘50-559’ ಅಂತಿದ್ದರೆ 26, ಕೊನೆಗೆ 584 ಇದ್ದರೆ 27.5, 622 ಇದ್ದರೆ 29 ಅಥವಾ 700ಸಿ. ನಿಮಗೆ ಬೇಕಾದದ್ದು ಫ್ರೇಮ್ ಅಳತೆ. ಎರಡೂ ಕ್ರ್ಯಾಂಕ್ ಸೇರೋ ಆಕ್ಸಲ್‌ನ ನಡುವಿಂದ ಸೀಟು ಕೊಳವೆಯ ಮೇಲಂಚಿನವರೆಗೆ ಟೇಪು ಹಿಡಿದು ಹೇಳಲಿ. ನಿಮ್ಮ ಎತ್ತರಕ್ಕೆ ಎಂಟಿಬಿ (ಮೌಂಟನ್ ಬೈಕ್) ಆದರೆ 17ರಿಂದ 18 ಇಂಚು ಸುಮಾರು ಸರಿ.

ಚೈನ್‌ವೀಲ್_ತುಮಕೂರು

‘ಜಾಸ್ತಿ ಓಡಿಸಿಲ್ಲ’ ಅನ್ನೋದಕ್ಕೆ ಸಾಕ್ಷಿ ಹೇಳೋದು ಚೈನು. ಕಿಲೋಮೀಟರ್ ಮೀಟರ್ ಇಲ್ಲದ ಗಾಡಿಗೆ ಚೈನೇ ಮೀಟರು.

ಚೈನಿನ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಹೊಸ ಚೈನಲ್ಲಿ 24 ಪಿನ್ ದಾಟಿದರೆ 304.8 ಮಿ.ಮೀ., ಅಂದರೆ ಸರಿಯಾಗಿ 12 ಇಂಚು. ಸ್ಟೀಲ್ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತೆ, ಅದರಿಂದ ಅಳೆಯಬೇಡಿ. 10 ಸೆಂ.ಮೀ. ಗೆರೆಯನ್ನ ಒಂದು ಪಿನ್ನಿನ ಎಡ ಅಂಚಿಗೆ ಇಡಿ, ಪೆಡಲ್ ಒತ್ತಿ ಮೇಲಿನ ಚೈನನ್ನ ಬಿಗಿಯಾಗಿಟ್ಟುಕೊಂಡು ಆ ಪಿನ್ ಬಿಟ್ಟು ಎಣಿಸಿದರೆ ಬರೋ 24ನೇ ಪಿನ್ನಿನ ಎಡ ಅಂಚು ಎಲ್ಲಿದೆ ನೋಡಿ. 40.48 ಸೆಂ.ಮೀ. ಬಂದರೆ ಹೊಸದು. 40.7 ದಾಟಿದ್ದರೆ 7-8 ಸ್ಪೀಡ್ (ಹಿಂದೆ 7-8 ಗೇರ್ ಇರೋ) ಚೈನು ಬದಲಿಸಬೇಕು. 40.78 ಮುಟ್ಟಿದ್ದರೆ ಹಿಂದಿನ ಹಲ್ಲುಗಳೂ ಹೋಗಿವೆ ಅಂತ ಇಟ್ಟುಕೊಳ್ಳಿ.

ಚೈನು ಉದ್ದ ಆಗೋದು ತಗಡು ಜಗ್ಗಿ ಅಲ್ಲ, ಒಳಗಿನ ಪಿನ್ನು ಸವೆದು. ಹಾಗೆ ಸವೆದ ಚೈನು ಹಲ್ಲನ್ನೂ ತನ್ನ ಅಳತೆಗೆ ತೇಯ್ದುಕೊಳ್ಳುತ್ತೆ. ಅದಕ್ಕೇ ಹಳೇ ಫ್ರೀವೀಲಿಗೆ ಹೊಸ ಚೈನು ಹಾಕಿದರೆ ಏರಿನಲ್ಲಿ ಒತ್ತಿದಾಗ ಟಕ್ ಟಕ್ ಅಂತ ಜಾರುತ್ತೆ, ಕಾಲು ದಡಕ್ಕನೆ ಕೆಳಗೆ ಹೋಗುತ್ತೆ. ಮಾರುವವರು ಇತ್ತೀಚೆಗೆ ‘ಹೊಸ ಚೈನ್ ಹಾಕಿಸಿದೆ’ ಅಂದರೆ ಖುಷಿಪಡೋಕೆ ಮುಂಚೆ ಹಿಂದಿನ ಸಣ್ಣ ಮೂರು ಗೇರ್‌ಗಳಲ್ಲಿ ಎದ್ದು ನಿಂತು ತುಳಿದು ನೋಡಿ.

ಈ ಕಾಲದ ಶಿಮಾನೋ ಸಾಮಾನಿನ ಎಷ್ಟೋ ಭಾಗಗಳ ಹಿಂದೆ ಎರಡಕ್ಷರದ ಗುರುತು ಇರುತ್ತೆ. ಮೊದಲ ಅಕ್ಷರ ವರ್ಷ: ಎ ಅಂದರೆ 2002, ಅಲ್ಲಿಂದ ಎಣಿಸಿಕೊಂಡು ಹೋದರೆ ಎನ್ ಅಂದರೆ 2015. ಎರಡನೆಯದು ತಿಂಗಳು, ಎಫ್ ಅಂದರೆ ಜೂನ್. ‘ಎರಡು ವರ್ಷದ ಹಿಂದೆ ತಗೊಂಡಿದ್ದು’ ಅಂದ ಸೈಕಲ್ಲಿನಲ್ಲಿ ‘ಎನ್‌ಎಫ್’ ಕಂಡರೆ ಪ್ರಶ್ನೆ ಕೇಳಲೇಬೇಕು.

ಬಿಬಿ_ಕಪ್

ಮೇಲಿನದೆಲ್ಲ ಸರಿ, ಆದರೆ ಚೈನು ಸವೆದಿದೆ ಅಂತ ಸೈಕಲ್ ಬಿಡಬೇಡಿ. ಚೈನು, ಫ್ರೀವೀಲು, ಟೈರು, ಪ್ಯಾಡು ಸವೆಯೋಕೇ ಇರೋವು. ಅವುಗಳ ದರ ಹತ್ತಿರದ ಅಂಗಡಿಯಲ್ಲಿ ಕೇಳಿಕೊಂಡು ಬೆಲೆಯಲ್ಲಿ ಕಳೆಯಿರಿ. ಬಿಡಬೇಕಾದದ್ದು ಫ್ರೇಮ್ ಕೆಟ್ಟಿದ್ದರೆ. ‘ಸಣ್ಣ ಸರ್ವಿಸ್’ ಅನ್ನೋ ಮಾತಿನ ಹಿಂದೆ ಅದು ಅಡಗಿರುತ್ತೆ.

ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯ ಹಿಂದೆ, ಕೆಳಗಿನ ಕೊಳವೆಯ ಅಡಿಭಾಗಕ್ಕೆ ಬೆರಳು ಸವರಿ. ಪೇಂಟು ಸುಕ್ಕುಗಟ್ಟಿದ್ದರೆ, ಉಬ್ಬು ಸಿಕ್ಕರೆ, ಸೈಕಲ್ ಮುಂದಿನಿಂದ ಎಲ್ಲೋ ಗುದ್ದಿದೆ. ಅದನ್ನ ಯಾವ ಸರ್ವಿಸ್ಸೂ ಸರಿಮಾಡಲ್ಲ. ಬೆಸುಗೆಗಳ ಅಂಚಲ್ಲಿ ಕೂದಲೆಳೆಯಂಥ ಗೆರೆ ಇದೆಯಾ, ಸೀಟು ಕೊಳವೆಯ ಮೇಲ್ತುದಿ ಸೀಳಿದೆಯಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಹೊಸದಾಗಿ ಸ್ಟಿಕ್ಕರ್ ಅಂಟಿಸಿದ್ದರೆ ತೆಗೆಸಿ ನೋಡಿ.

ಆಮೇಲೆ ಸೀಟನ್ನ ಒಮ್ಮೆ ಪೂರ್ತಿ ಮೇಲೆತ್ತಿ. ಇದನ್ನ ಯಾರೂ ಮಾಡಲ್ಲ. ಅಲ್ಯೂಮಿನಿಯಂ ಸೀಟ್‌ಪೋಸ್ಟು ಉಕ್ಕಿನ ಫ್ರೇಮಿನಲ್ಲಿ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತರೆ ಕಿಲುಬು ಹಿಡಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ‘ಸ್ವಲ್ಪ ಟೈಟ್ ಇದೆ’ ಅಂದರೆ ಬೇಡ ಅನ್ನಿ. ನಿಮ್ಮ ಎತ್ತರಕ್ಕೆ ಸೀಟು ಬರದ ಸೈಕಲ್ ಬಿಟ್ಟಿ ಕೊಟ್ಟರೂ ಮಂಡಿ ನೋವು ಖಂಡಿತ.

ಪ್ಲೇ (ಸಡಿಲ) ನೋಡೋದು: ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನ ಹಿಂದೆ ಮುಂದೆ ತಳ್ಳಿ, ಹ್ಯಾಂಡಲ್ ಬುಡದಲ್ಲಿ ಕಟಕಟ ಅಂದರೆ ಹೆಡ್‌ಸೆಟ್ (ಅಲ್ಲಿನ ಬೇರಿಂಗ್) ಸಡಿಲ. ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಎರಡೂ ಒಟ್ಟಿಗೆ ಆಡಿದರೆ ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕ್ ಆಕ್ಸಲ್ ತಿರುಗೋ ಬೇರಿಂಗ್) ಹೋಗಿದೆ, ಒಂದೇ ಆಡಿದರೆ ಆ ಕ್ರ್ಯಾಂಕ್ ಸಡಿಲ. ಹಿಂದಿನ ಗಾಲಿ ಎತ್ತಿ ತಿರುಗಿಸಿ. ಬಿಟ್ಟಾಗ ಫ್ರೀವೀಲು ಸ್ವಲ್ಪ ತೊನೆದರೆ ಗಾಬರಿ ಬೇಡ, ಅದು ಮಾಮೂಲಿ. ರಿಮ್ಮನ್ನ ಹಿಡಿದು ಎಡಬಲ ಅಲ್ಲಾಡಿಸಿದಾಗ ಗಾಲಿಯೇ ಆಡಿದರೆ ಕೋನ್ (ಹಬ್ಬಿನ ಬೇರಿಂಗ್ ಒತ್ತಿ ಹಿಡಿಯೋ ನಟ್ಟು) ಸವೆದಿರಬಹುದು, ಇಲ್ಲವೇ ಆಕ್ಸಲ್ ತುಂಡಾಗಿರಬಹುದು. ಫ್ರೀವೀಲ್ ಹಬ್ಬುಗಳಲ್ಲಿ ಬಲಗಡೆ ಬೇರಿಂಗ್ ಬಹಳ ಒಳಗಿರುತ್ತೆ, ಆಚೆಗೆ ಚಾಚಿದ ಆಕ್ಸಲ್‌ಗೆ ಆಸರೆ ಇರಲ್ಲ. ಬೆಂಗಳೂರಿನ ಗುಂಡಿಗಳಿಗೆ ಅದು ಅಲ್ಲೇ ಬಾಗೋದು.

‘ಡ್ಯುಯಲ್ ಡಿಸ್ಕ್’ ಬಗ್ಗೆ: ಕೇಬಲ್ಲಾ, ಆಯಿಲ್ಲಾ ಕೇಳಿ. ಆಯಿಲ್ ಆದರೆ ಲಿವರ್ ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ, ಮೆಲ್ಲಗೆ ಒಳಗಿಳಿದರೆ ಎಲ್ಲೋ ಸೋರುತ್ತಿದೆ. ಶಿಮಾನೋ ರೋಟರ್ (ಬ್ರೇಕಿನ ಡಿಸ್ಕು) ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಬಂದರೆ ಬದಲಿಸಬೇಕು. ಇನ್ನೊಂದು, ಫೋಟೋಗೆ ಮಿಂಚಲಿ ಅಂತ ಸೈಕಲ್ ಮೇಲೆಲ್ಲ ಪಾಲಿಶ್ ಸ್ಪ್ರೇ ಹೊಡೆದಿರುತ್ತಾರೆ. ಅದು ರೋಟರ್ ಮೇಲೆ ಬಿದ್ದರೆ ಪ್ಯಾಡು ಹೀರಿಕೊಂಡು ಕಿರ್ರ್ ಅನ್ನುತ್ತೆ, ಗಾಡಿ ನಿಲ್ಲಲ್ಲ. ರೋಟರನ್ನ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು, ಪ್ಯಾಡು ಮಾತ್ರ ಹೊಸದೇ ಬೇಕು.

ಚೈನ್‌ವೀಲ್_ತುಮಕೂರು

ಫ್ರೇಮ್ ವಿಷಯ ಒಪ್ಪಿದೆ. ಬಿಲ್ ಇಲ್ಲ ಅಂದದ್ದಕ್ಕೆ ಒಂದು ಮಾತು. ಹೆಚ್ಚಿನ ಸೈಕಲ್‌ಗಳಲ್ಲಿ ಬಿ.ಬಿ. ಕೆಳಗೆ ಸೀರಿಯಲ್ ನಂಬರ್ ಕೊರೆದಿರುತ್ತೆ. ಅದರ ಫೋಟೋ ಮೊದಲೇ ತರಿಸಿ. ಉಜ್ಜಿ ಅಳಿಸಿದ್ದರೆ ಬೆಲೆ ಎಷ್ಟೇ ಕಮ್ಮಿ ಇರಲಿ, ಬಿಟ್ಟುಬಿಡಿ. ಕದ್ದ ಮಾಲು ಅಂತ ನಂಬೋಕೆ ಕಾರಣ ಇದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೊಂಡವರಿಗೂ ಅನ್ವಯಿಸುತ್ತೆ. ನಂಬರ್ ಸರಿಯಿದ್ದರೆ ಅದನ್ನೂ ಬೆಲೆಯನ್ನೂ ತಾರೀಖನ್ನೂ ಬರೆದು ಮಾರುವವರ ಸಹಿ ಹಾಕಿಸಿಕೊಳ್ಳಿ.

‘ಹೊಸದಕ್ಕೆ ಇಷ್ಟು ಕೊಟ್ಟಿದ್ದೆ’ ಅನ್ನೋ ಲೆಕ್ಕವನ್ನೂ ಹಾಗೇ ತಗೋಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಇವತ್ತಿನ ಹೊಸ ಬೆಲೆಯಿಂದ ಲೆಕ್ಕ ಹಾಕಿ.

ಪೆಡಲ್_ಆರ್‌ಆರ್‌ನಗರ

ತುಂಬಾ ಧನ್ಯವಾದ. ಚಿತ್ರ ತರಿಸಿದೆ: ಟಿವೈ300, ಕೇಬಲ್ ಡಿಸ್ಕು, ಸೀಟು ಕೊಳವೆ 18 ಇಂಚು, ಸೀರಿಯಲ್ ನಂಬರ್ ಸ್ಪಷ್ಟ ಇದೆ. ಚೈನು 40.75. ಆದರೆ ಹಿಂದಿನ ಡಿರೈಲರ್ ಗಾಲಿ ಕಡೆಗೆ ವಾಲಿದಂತೆ ಕಾಣುತ್ತೆ.

ಬಿಬಿ_ಕಪ್

ಸೈಕಲ್ ಬಲಕ್ಕೆ ಬಿದ್ದು ಹ್ಯಾಂಗರ್ (ಡಿರೈಲರನ್ನ ಫ್ರೇಮಿಗೆ ಹಿಡಿಸಿರೋ ತುಂಡು) ಬಾಗಿರಬಹುದು. ಕಡ್ಡಿಗೆ ಸಿಕ್ಕಿಕೊಳ್ಳಬಹುದು, ಹಿಂದಿನ ದೊಡ್ಡ ಗೇರಿಗೆ ಹಾಕಿ ಓಡಿಸಿ ನೋಡಬೇಡಿ. ಹ್ಯಾಂಗರ್ ಬೋಲ್ಟಿನಿಂದ ಕೂಡಿಸಿದ್ದಾ, ಫ್ರೇಮಿಗೇ ಸೇರಿದ್ದಾ ನೋಡಿ. ಬೋಲ್ಟಿನದಾದರೆ ಬದಲಿಸಬಹುದು, ಆದರೆ ಮಾಡೆಲ್‌ಗೊಂದು ಆಕಾರ, ಆ ಸೈಕಲ್ಲಿಗೆ ಸಿಗುತ್ತಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿ. ಉಕ್ಕಿನ ಫ್ರೇಮಿಗೇ ಸೇರಿದ್ದಾದರೆ ಹ್ಯಾಂಗರ್ ಗೇಜ್ ಇರುವ ಅಂಗಡಿಯವರು ನೆಟ್ಟಗೆ ಮಾಡುತ್ತಾರೆ. ಅಲ್ಯೂಮಿನಿಯಂ ಫ್ರೇಮಿಗೇ ಸೇರಿದ್ದರೆ ಬೇಡ, ಬಗ್ಗಿಸೋವಾಗ ಮುರಿಯಬಹುದು. ಚೈನು, ಫ್ರೀವೀಲು, ಹ್ಯಾಂಗರ್ ಮೂರರ ದರವನ್ನೂ ಕೂಲಿಯನ್ನೂ ಕಳೆದು ಬೆಲೆ ಹೇಳಿ.