ಮಾಯಾ ಜನ ಮಾಯ ಆಗಿಲ್ಲ: ಮಕ್ಕಳಿಗೆ ಹೇಗೆ ಹೇಳಿದೆವು

ಪ್ರಶ್ನೆ

ನಮ್ಮ ಬಡಾವಣೆಯ ಮಕ್ಕಳನ್ನು ಭಾನುವಾರ ಸೇರಿಸಿ ಬೇರೆ ಬೇರೆ ದೇಶಗಳ ಕಥೆ ಹೇಳುತ್ತೇನೆ. ಎಂಟರಿಂದ ಹನ್ನೆರಡು ವರ್ಷದವರು, ಹದಿನೈದು ಮಂದಿ. ಮುಂದಿನ ನಾಲ್ಕು ವಾರ ಮಾಯಾ ನಾಗರಿಕತೆ ಅಂದುಕೊಂಡಿದ್ದೇನೆ. ಪಿರಮಿಡ್ ಚಿತ್ರ ತೋರಿಸಿದ ಮೇಲೆ ಮುಂದೇನು ಅಂತ ಹೊಳೆಯುತ್ತಿಲ್ಲ. ನರಬಲಿ ಬಗ್ಗೆ ಕೇಳಿದರೆ ಏನು ಹೇಳಲಿ? ಮಕ್ಕಳಿಗೆ ಇದನ್ನು ಹೇಳಿಕೊಟ್ಟವರು ಅನುಭವ ತಿಳಿಸಿ.

ಶಾಲಾ ಶಿಕ್ಷಕಿಯೊಬ್ಬರು

ಮೇಡಂ, ನಾನು ಆರನೇ ತರಗತಿಗೆ ಸಮಾಜ ಪಾಠ ಮಾಡುತ್ತೇನೆ. ಎರಡು ವರ್ಷ ಮಾಯಾ ಜನರ ಬಗ್ಗೆ ಹೇಳಿದ್ದೇನೆ. ಮೊದಲ ವರ್ಷ ಎಡವಿದೆ. ಬೋರ್ಡಿನ ಮೇಲೆ ‘ಮಾಯಾ’ ಅಂತ ಬರೆದು ನೇರ ಪಾಠಕ್ಕೆ ಇಳಿದುಬಿಟ್ಟೆ. ಅರ್ಧ ಪಾಠ ಆದ ಮೇಲೆ ಒಬ್ಬ ಹುಡುಗ, "ಟೀಚರ್, ಅವರು ಮಾಯ ಆಗಿಬಿಟ್ರು ಅಂತಲೇ ಆ ಹೆಸರಾ?" ಎಂದ. ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಮಯನ ಕಡೆಯವರು ಅಂತ ಇನ್ನೊಬ್ಬಳು ನಂಬಿದ್ದಳು. ಕನ್ನಡದ ಕಿವಿಗೆ ಹಾಗೆ ಕೇಳಿಸುವುದು ಸಹಜ, ಅಲ್ವಾ? ಅದಕ್ಕೇ ಇದನ್ನು ಮೊದಲೇ ಬಿಡಿಸಿ ಹೇಳಿ. ಅದು ಒಂದು ಜನರ ಹೆಸರು. ನಮ್ಮ ಮಾಯೆಗೂ ಮಯನಿಗೂ ಸಂಬಂಧ ಇಲ್ಲ. ಆ ಜನ ಇವತ್ತೂ ಗ್ವಾಟೆಮಾಲಾ, ದಕ್ಷಿಣ ಮೆಕ್ಸಿಕೊ, ಬೆಲೀಜ್ ಕಡೆ ಲಕ್ಷಗಟ್ಟಲೆ ಇದ್ದಾರೆ. ಗ್ವಾಟೆಮಾಲಾ ಒಂದರಲ್ಲೇ 22 ಮಾಯಾ ಭಾಷೆಗಳಿಗೆ ಸರ್ಕಾರದ ಮಾನ್ಯತೆ ಇದೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಕಿಚೆ ಎಂಬ ಮಾಯಾ ಪಂಗಡದ ಹೆಂಗಸು. ಅವರ ಫೋಟೊವನ್ನು ಪಿರಮಿಡ್‌ಗಿಂತ ಮೊದಲು ತೋರಿಸಿ.

"ಹಾಗಾದರೆ ಊರುಗಳು ಯಾಕೆ ಖಾಲಿಯಾದವು?" ಅಂತ ಕೇಳೇ ಕೇಳುತ್ತಾರೆ. 8–9ನೇ ಶತಮಾನದಲ್ಲಿ ದಕ್ಷಿಣದ ದೊಡ್ಡ ಊರುಗಳನ್ನು ಜನ ಬಿಟ್ಟು ಹೋದರು. ಬರ ಇತ್ತು, ರಾಜರ ನಡುವೆ ಯುದ್ಧ ಇತ್ತು. ಆದರೆ ಉತ್ತರದಲ್ಲಿ ಚಿಚೆನ್ ಇಟ್ಜಾ ತರಹದ ಊರುಗಳು ಆಮೇಲೂ ಬೆಳೆದವು. ಕೊನೆಯ ಮಾಯಾ ರಾಜ್ಯ ಸ್ಪೇನಿನವರಿಗೆ ಸೋತಿದ್ದು 1697ರಲ್ಲಿ. ನಾನು ಮಕ್ಕಳನ್ನು ತಿರುಗಿ ಕೇಳಿದೆ: ಹಂಪಿ ಹಾಳಾಯಿತು, ಕನ್ನಡದವರು ಮಾಯ ಆದರಾ? ಅದಾದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಎರಡನೇ ವರ್ಷ ಲಿಪಿಯಿಂದ ಶುರು ಮಾಡಿದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಮಾಯಾ ಬರಹದಲ್ಲಿ ಕೆಲವು ಚಿಹ್ನೆಗಳು ಇಡೀ ಪದವನ್ನೇ ಹೇಳುತ್ತವೆ. ಉಳಿದವು ನಮ್ಮ ಕ, ಕಿ, ಕು ತರಹ. ವ್ಯಂಜನ, ಸ್ವರ ಕೂಡಿ ಒಂದೇ ಗುರುತು. ಕಾಗುಣಿತ ತಿದ್ದಿದ ಮಗುವಿಗೆ ಇದನ್ನು ವಿವರಿಸಲೇ ಬೇಕಿಲ್ಲ! ಪಲೆಂಕೆ ಊರಿನ ರಾಜ ಪಕಲ್‌ನ ಹೆಸರನ್ನು ಪ-ಕ-ಲ ಅಂತ ಬರೆಯುತ್ತಿದ್ದರು. ಕೊನೆಯ ಸ್ವರ ಓದುವುದಿಲ್ಲ, ಅಷ್ಟೇ. ಕೋಕೊ ಬೀಜಕ್ಕೆ ಕ-ಕ-ವ, ಓದಿದರೆ ‘ಕಕವ್’. ಮಕ್ಕಳು ಚಿಹ್ನೆಗಳನ್ನು ನೋಡಿಕೊಂಡು ತಮ್ಮ ಹೆಸರು ಬರೆದರು. ‘ರ’ಗೆ ಚಿಹ್ನೆ ಇಲ್ಲ ಅಂತ ಗೊತ್ತಾದಾಗ ರವಿ, ರೇಖಾ ಸಪ್ಪೆ ಮುಖ ಹಾಕಿದರು. ‘ಲ’ ಹಾಕಿ ಸಮಾಧಾನ ಮಾಡಿದೆ.

ಆಮೇಲೆ ಒಂದು ಪತ್ತೇದಾರಿ ಆಟ. ಹಳೆಯ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಹತ್ತಿರ ಎರಡು ಚಿಹ್ನೆ, ನಾಯಿಯ ಚಿತ್ರದ ಹತ್ತಿರ ಎರಡು ಚಿಹ್ನೆ. ಕೋಳಿಯ ಎರಡನೆಯದೂ ನಾಯಿಯ ಮೊದಲನೆಯದೂ ಒಂದೇ. ಮಾಯಾ ಮಾತಿನಲ್ಲಿ ಕೋಳಿ ‘ಕುತ್ಸ್’, ನಾಯಿ ‘ತ್ಸುಲ್’. ಹಾಗಾದರೆ ಆ ಸಮಾನ ಚಿಹ್ನೆ ಏನು? ಹಿಂದಿನ ಬೆಂಚಿನಿಂದ "ತ್ಸು!" ಅಂತ ಕೂಗು ಬಂತು. 1952ರಲ್ಲಿ ಯೂರಿ ಕ್ನೊರೊಝೊವ್ ಎಂಬ ಸೋವಿಯತ್ ವಿದ್ವಾಂಸ ಲಿಪಿಯ ಗುಟ್ಟು ಬಿಡಿಸಿದ್ದು ಇದೇ ದಾರಿಯಲ್ಲಿ. ಆಗ ಅವರು ಮಾಯಾ ನಾಡನ್ನು ಕಣ್ಣಾರೆ ಕಂಡೇ ಇರಲಿಲ್ಲ.

ಪುಸ್ತಕ ಸುಟ್ಟ ಕಥೆಯನ್ನೂ ಬಿಡಬೇಡಿ. 1562ರಲ್ಲಿ ಮಾನಿ ಎಂಬ ಊರಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಪುಸ್ತಕಗಳಿಗೆ ಬೆಂಕಿ ಹಾಕಿಸಿದ. ಇವತ್ತಿಗೆ ಉಳಿದಿರುವುದು ನಾಲ್ಕೇ. ಅದೇ ಲಾಂಡಾ ಮುಂದೆ ಮಾಯಾ ಅಕ್ಷರ ಅಂತ ಬರೆದಿಟ್ಟ ಟಿಪ್ಪಣಿಯೇ ಕ್ನೊರೊಝೊವ್‌ಗೆ ಕೀಲಿಕೈ ಆಯಿತು. ಇದನ್ನು ಕೇಳಿ ಕ್ಲಾಸು ಸುಮ್ಮನಾಯಿತು. ಒಬ್ಬಳು "ನಾಲ್ಕೇನಾ?" ಅಂತ ಎರಡು ಸಲ ಕೇಳಿದಳು.

ಕಾಲದ ಲೆಕ್ಕಕ್ಕೆ ಸುಮ್ನೆ ಇಸವಿ ಕೊಡಬೇಡಿ, ನಮ್ಮವರ ಪಕ್ಕ ಇಡಿ. ಪಕಲ್ 615ರಲ್ಲಿ ಹನ್ನೆರಡನೇ ವಯಸ್ಸಿಗೆ ಪಟ್ಟ ಏರಿದ. ಆಗ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ. ಒಬ್ಬರಿಗೆ ಇನ್ನೊಬ್ಬರು ಇದ್ದಾರೆ ಅಂತಲೇ ಗೊತ್ತಿರಲಿಲ್ಲ. ನಿಮ್ಮ ಗುಂಪಿನ ದೊಡ್ಡ ಮಕ್ಕಳಿಗೂ ಪಟ್ಟ ಏರಿದ ಪಕಲ್‌ಗೂ ಒಂದೇ ವಯಸ್ಸು ನೋಡಿ.

ಇಬ್ಬರು ಮಕ್ಕಳ ತಂದೆಯೊಬ್ಬರು

ಗಣಿತಕ್ಕೆ ಚೌಕಾಬಾರದ ಡಬ್ಬಿ ಸಾಕು. ಹುಣಸೆ ಬೀಜ ಅಂದರೆ ಒಂದು, ಕಡ್ಡಿ ಅಂದರೆ ಐದು, ಕವಡೆ ಅಂದರೆ ಸೊನ್ನೆ. ಮಾಯಾ ಜನ ಚುಕ್ಕೆ, ಗೆರೆ, ಚಿಪ್ಪಿನ ಚಿತ್ರ ಹೀಗೇ ಬಳಸುತ್ತಿದ್ದರು. 13 ಅಂದರೆ ಎರಡು ಕಡ್ಡಿ, ಅವುಗಳ ಮೇಲೆ ಮೂರು ಬೀಜ. ನಾವು ಹತ್ತಕ್ಕೆ ಮನೆ ಬದಲಿಸುತ್ತೇವೆ, ಅವರು ಇಪ್ಪತ್ತಕ್ಕೆ. 20 ಬರೆಯಲು ಕೆಳಗೆ ಕವಡೆ, ಮೇಲಿನ ಮನೆಯಲ್ಲಿ ಒಂದು ಬೀಜ. ನನ್ನ ಎಂಟು ವರ್ಷದ ಮಗ ಒಂದೇ ಸಂಜೆಯಲ್ಲಿ 399ರ ತನಕ ಬಂದ. ಅಲ್ಲಿ ಎರಡು ಮನೆಯೂ ತುಂಬಿ ಹೋಯಿತು, ಮೂರನೇ ಮನೆ ಬೇಕು ಅಂತ ಅವನೇ ಹೇಳಿದ.

ಚಿಚೆನ್ ಇಟ್ಜಾದ ದೊಡ್ಡ ಪಿರಮಿಡ್‌ಗೆ ನಾಲ್ಕೂ ಕಡೆ 91 ಮೆಟ್ಟಿಲು, ತುದಿಯ ಕಟ್ಟೆ ಒಂದು. ಮಕ್ಕಳೇ ಕೂಡಿಸಲಿ, 365 ಬರುತ್ತೆ. ನಮ್ಮ ಸಂವತ್ಸರ ಅರವತ್ತು ವರ್ಷಕ್ಕೆ ಸುತ್ತಿ ಬರುವ ಹಾಗೆ, ಅವರ 260 ದಿನದ ಪಂಚಾಂಗವೂ 365 ದಿನದ್ದೂ ಕೂಡಿ 52 ವರ್ಷಕ್ಕೆ ಒಂದು ಸುತ್ತು.

ಒಬ್ಬ ತಾಯಿ

ಬಲಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನ್ನ ದೊಡ್ಡ ಮಗಳು ಏನನ್ನೋ ನೋಡಿ ಹೆದರಿಕೊಂಡು ಬಂದಿದ್ದಳು. ಮುಚ್ಚಿಡಬೇಡಿ, ಅದನ್ನೇ ಕಥೆಯ ತಿರುಳೂ ಮಾಡಬೇಡಿ. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಕೊಲ್ಲುತ್ತಿದ್ದರು, ನಿಜ. ರಾಜ ರಾಣಿಯರು ತಮ್ಮ ನಾಲಿಗೆ ಚುಚ್ಚಿಕೊಂಡು ದೇವರಿಗೆ ರಕ್ತ ಕೊಡುತ್ತಿದ್ದರು, ಅದೂ ನಿಜ. ನಾನು ಮಗಳಿಗೆ ನಮ್ಮ ಸಿಡಿತಲೆಯ ಕಲ್ಲುಗಳ ಬಗ್ಗೆ ಹೇಳಿದೆ. ತಲೆಯನ್ನೇ ಕೊಟ್ಟವರು ನಮ್ಮಲ್ಲೂ ಇದ್ದರು, ಅವರಿಗೆ ನಾವು ಕಲ್ಲು ನಿಲ್ಲಿಸಿದ್ದೇವೆ. ಆಮೇಲೆ ಅವಳು "ಛೀ" ಅನ್ನುವುದು ಬಿಟ್ಟು "ಯಾಕೆ" ಅಂತ ಕೇಳತೊಡಗಿದಳು. ಎಂಟು ವರ್ಷದವರಿಗೆ ಇಷ್ಟು ಬೇಡ. ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿ.

ಕೊನೆಯ ವಾರ ತಿನ್ನುವುದಕ್ಕೆ ಇಡಿ. ಅವರ ಕಥೆಯಲ್ಲಿ ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡಿದರು, ಕರಗಿ ಹೋಯಿತು. ಮರದಿಂದ ಮಾಡಿದರು, ಅದಕ್ಕೆ ಮನಸ್ಸೇ ಇರಲಿಲ್ಲ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದರು, ಅದು ನಿಂತಿತು. ಈ ಕಥೆ ‘ಪೊಪೊಲ್ ವುಹ್’ ಎಂಬ ಕಿಚೆ ಗ್ರಂಥದಲ್ಲಿದೆ. ಕಥೆ ಹೇಳುತ್ತಾ ಮೆಕ್ಕೆಜೋಳದ ರೊಟ್ಟಿ ಕೊಡಿ. ಆ ಜನ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ಅರೆಯುತ್ತಾರೆ, ಇವತ್ತಿಗೂ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಅಂದರೆ ಮಕ್ಕಳಿಗೆ ತಟ್ಟನೆ ಗೊತ್ತಾಗುತ್ತೆ. ಸುಣ್ಣ ಹಾಕಿ ನೀವು ಮಾಡಲು ಹೋಗಬೇಡಿ, ಕೈ ಬಾಯಿ ಸುಟ್ಟೀತು.

ಜೊತೆಗೆ ಸಕ್ಕರೆ ಹಾಕದ ಕೋಕೊ ಪುಡಿಯನ್ನು ಬಿಸಿ ನೀರಲ್ಲಿ ಕದಡಿ, ಎತ್ತರದಿಂದ ಸುರಿದು ನೊರೆ ಬರಿಸಿ. ಮಾಯಾ ಅರಮನೆಯ ಪಾನೀಯ ಹೀಗೆ ನೊರೆ ನೊರೆಯಾಗಿ ಇರುತ್ತಿತ್ತು. ಕಹಿಗೆ ಮಕ್ಕಳು ಮುಖ ಹಿಂಡುತ್ತಾರೆ. ನಮ್ಮದು ಪುತ್ತೂರಿನ ಕಡೆ, ಅಡಿಕೆ ಮರಗಳ ನಡುವೆ ಕೋಕೊ ಇದೆ. ಅಜ್ಜನ ತೋಟದಲ್ಲಿ ಒಂದು ಕಾಯಿ ಒಡೆದು ಬೀಜ ಕೈಗಿಟ್ಟಾಗ ಚಿಕ್ಕವಳು, "ಇದೇನಾ ಕ-ಕ-ವ?" ಎಂದಳು.