ಕ್ವಿಜ್‌ಗೆ ಒಂದೇ ಶಾಲೆಯಿಂದ ಎಷ್ಟು ತಂಡ?

ಪ್ರಶ್ನೆ (ಕೋಲಾರ): ಜಿಲ್ಲಾ ಕ್ವಿಜ್‌ಗೆ ಹೈಸ್ಕೂಲಿನಿಂದ ಇಬ್ಬಿಬ್ಬರ ಮೂರು ತಂಡ ಕಳಿಸೋದಾ, ಗಟ್ಟಿಯಾದ ಒಂದೇ ಸಾಕಾ?

ಉತ್ತರ (ತುಮಕೂರು): ಮೂರೂ ಕಳಿಸಿ ಮೇಷ್ಟ್ರೇ. ಲಿಖಿತ ಸುತ್ತಲ್ಲಿ ಕೂತು ಬರೆದರೇನೇ ಮಕ್ಕಳಿಗೆ ರೂಢಿಯಾಗೋದು. ಒಂದೇ ವಿಷಯದಲ್ಲಿ ಚುರುಕಾಗಿರೋ ಇಬ್ಬರನ್ನು ಜೋಡಿ ಮಾಡಬೇಡಿ. ‘1902ರಲ್ಲಿ ಶಿವನಸಮುದ್ರದ ಕರೆಂಟು ಎಲ್ಲಿಗೆ ಹೋಯ್ತು?’ ಅಂದಾಗ ಒಬ್ಬರಿಗೆ ವಿದ್ಯುತ್ತಿನ ಚರಿತ್ರೆ, ಇನ್ನೊಬ್ಬರಿಗೆ ಚಿನ್ನದ ಗಣಿ ಗೊತ್ತಿದ್ದರೆ ಕೆಜಿಎಫ್ ಅಂತ ತಟ್ಟನೆ ಹೊಳೆಯುತ್ತೆ.

ಉತ್ತರ (ಚಿಂತಾಮಣಿ): ವೇದಿಕೆಗೆ ಸಾಮಾನ್ಯವಾಗಿ ಆರೇ ತಂಡ. ಫೈನಲ್‌ಗೆ ಶಾಲೆಗೊಂದೇ ಅನ್ನೋ ನಿಯಮವಿದ್ದರೆ ಹೆಚ್ಚು ಅಂಕದ ತಂಡ ಮಾತ್ರ ಹತ್ತುತ್ತೆ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಪಾಪ, ಆಮೇಲೆ ಅಳ್ತಾರೆ. ಲಿಖಿತದಲ್ಲಿ ಮೂರೂ ತಂಡ ದೂರದೂರ ಕೂರಲಿ. ಪಿಸುಗುಟ್ಟಿ ಸಿಕ್ಕಿಬಿದ್ದರೆ ಮೂರೂ ಹೊರಗೆ.

ಉತ್ತರ (ಶಿರಾ): ಹಾಲ್ ಚಿಕ್ಕದಾದರೆ ಎರಡು ಸಾಕು. ಎರಡನೆಯದರಲ್ಲಿ ಎಂಟನೇ ಕ್ಲಾಸಿನವರಿರಲಿ, ಇನ್ನೂ ಎರಡು ವರ್ಷ ಆಡ್ತಾರೆ.