ಸಹಾಯ ಬೇಕು: ವಿದ್ಯುತ್ ಕಂಪನಿ ನಿರ್ದೇಶಕರ ಹಿತಾಸಕ್ತಿ ಘೋಷಣೆ ಆರ್‌ಟಿಐನಲ್ಲಿ ಸಿಗುತ್ತಾ?

ಕಂಪನಿ ಕಾಯ್ದೆ, ಆರ್‌ಟಿಐ ಎರಡೂ ಗೊತ್ತಿರೋರು ದಯವಿಟ್ಟು ನೋಡಿ. ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚಿನ 11 ಕೆವಿ ಲೈನ್ ಜಂಗಲ್ ಕಟಿಂಗ್ (ತಂತಿಗೆ ತಾಗೋ ಕೊಂಬೆ ಕಡಿಯೋ ಕೆಲಸ) ಗುತ್ತಿಗೆ ಹಿಡಿದ ಸಂಸ್ಥೆಯಲ್ಲಿ, ಸರ್ಕಾರಿ ವಿದ್ಯುತ್ ಕಂಪನಿಯ ನಿರ್ದೇಶಕರೊಬ್ಬರ ಬಾಮೈದ ಪಾಲುದಾರ. ಕೊಂಬೆ ಸರಿಯಾಗಿ ಕಡಿಯದೆ ಲೈನ್ ಟ್ರಿಪ್ ಆದ್ರೆ ಊರಿಗೆ ಊರೇ ಕತ್ತಲೆ, ಹಾಗಾಗಿ ಇದು ಬರೀ ಕುತೂಹಲ ಅಲ್ಲ.

2013ರ ಕಂಪನಿ ಕಾಯ್ದೆ ಕಲಂ 184ರ ಪ್ರಕಾರ ನಿರ್ದೇಶಕರು ಪ್ರತಿ ಹಣಕಾಸು ವರ್ಷದ ಮೊದಲ ಮಂಡಳಿ ಸಭೆಯಲ್ಲಿ ಎಂಬಿಪಿ-1 ನಮೂನೆ (ಯಾವ ಸಂಸ್ಥೆಗಳಲ್ಲಿ ತಮಗೆ ಹಿತಾಸಕ್ತಿ ಇದೆ ಅನ್ನೋ ಘೋಷಣೆ) ಕೊಡಬೇಕು. ಕಂಪನಿ ಅದನ್ನ 8 ವರ್ಷ ಇಟ್ಟಿರಬೇಕು. ಆದ್ರೆ ಅಲ್ಲಿ ಬರೋದು ಅವರ ಸ್ವಂತ ಹಿತಾಸಕ್ತಿ. ಸಂಬಂಧಿಕರ ಪಾಲುದಾರಿಕೆ ಬರೋದು ಕಲಂ 188ರಲ್ಲಿ (ನಿರ್ದೇಶಕರಿಗೆ ಸಂಬಂಧಪಟ್ಟವರ ಜೊತೆ ಕಂಪನಿ ಮಾಡೋ ವ್ಯವಹಾರದ ಕಲಂ). ಅದರ ‘ಸಂಬಂಧಿ’ ಪಟ್ಟಿಯಲ್ಲಿ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಸೊಸೆ, ಅಳಿಯ, ಅಣ್ಣತಮ್ಮ, ಅಕ್ಕತಂಗಿ ಎಲ್ಲ ಇದ್ದಾರೆ, ಬಾಮೈದ ಮಾತ್ರ ಇಲ್ಲ!

ಆರ್‌ಟಿಐನಲ್ಲಿ ಎಂಬಿಪಿ-1 ಕೇಳಿದ್ದಕ್ಕೆ ‘ವೈಯಕ್ತಿಕ ಮಾಹಿತಿ, 8(1)(ಜೆ)’ (ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡೋ ಆರ್‌ಟಿಐ ಕಲಂ) ಅಂತ ಒಂದೇ ಸಾಲಿನ ಹಿಂಬರಹ ಬಂದಿದೆ. ಎಂಬಿಪಿ-4 ರಿಜಿಸ್ಟರ್ (ನಿರ್ದೇಶಕರಿಗೆ ಹಿತಾಸಕ್ತಿ ಇರೋ ಗುತ್ತಿಗೆಗಳ ದಾಖಲೆ) ನೋಡೋ ಹಕ್ಕು ಷೇರುದಾರರಿಗೆ. ವಾರ್ಷಿಕ ವರದಿಯ ಎಒಸಿ-2ರಲ್ಲೂ (ಸಂಬಂಧಪಟ್ಟವರ ಜೊತೆಗಿನ ವ್ಯವಹಾರ ತೋರಿಸೋ ನಮೂನೆ) ಈ ಗುತ್ತಿಗೆ ಕಾಣಲ್ಲ. ಮೊದಲ ಮೇಲ್ಮನವಿಗೆ ಇರೋದು 30 ದಿನ.

ಈಗ ಆರ್‌ಟಿಐ ಕಲಂ 8(2)ರ ಸಾರ್ವಜನಿಕ ಹಿತಾಸಕ್ತಿ (ಅದು ದೊಡ್ಡದಾದ್ರೆ ವಿನಾಯಿತಿ ಇದ್ರೂ ಮಾಹಿತಿ ಕೊಡಬಹುದು) ಹಿಡಿದು ಮೇಲ್ಮನವಿಯಲ್ಲಿ ಎಂಬಿಪಿ-1ನ್ನೇ ಕೇಳೋದಾ, ಇಲ್ಲ ಹೊಸ ಅರ್ಜಿಯಲ್ಲಿ (150 ಪದದ ಮಿತಿ ಬೇರೆ ಇದೆ) ಟೆಂಡರ್ ಒಪ್ಪಿದ ಸಭೆಯ ನಡಾವಳಿಯಲ್ಲಿ ಹಿತಾಸಕ್ತಿ ಇದೆ ಅಂತ ಯಾರು ಹೊರಗುಳಿದ್ರು ಅನ್ನೋ ಭಾಗ ಮಾತ್ರ ಕೇಳೋದಾ? ಬಾಮೈದನ ಸಂಬಂಧ ಘೋಷಿಸಲೇಬೇಕು ಅನ್ನೋ ನಿಯಮ ಟೆಂಡರ್ ಷರತ್ತಲ್ಲೋ ನಡತೆ ನಿಯಮದಲ್ಲೋ ಇದ್ಯಾ?